ಅಜ್ಜನ ಹಳೇ ಕಾರು

ಅಜ್ಜಿಯನ್ನು ತುರುವನೂರಿನಿಂದ ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯಲು ಅಜ್ಜ ಹಳೇ ಮಾರುತಿ 800 ಕೊಳ್ಳಲು ಹೊರಟರೆ, ಎಲ್ಲರ ಕಣ್ಣೂ ಮೊದಲು ಮೀಟರಿನ ಮೇಲೆ. ಮಕ್ಕಳೇ, ಹಳೇ ಕೆಲವು ಮೀಟರುಗಳಿಗೆ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ! ತೋರಿಸುವುದು 40,000, ಓಡಿದ್ದು 1,40,000 ಇರಬಹುದು. ಅದಕ್ಕೇ ಹೆದರಬೇಡಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತ ಓಡಿಸಿದ ಗಾಡಿ, ವರ್ಷಗಟ್ಟಲೆ ಹುಣಸೆಮರದಡಿ ನಿಂತ ಗಾಡಿಗಿಂತ ವಾಸಿ. ನಿಂತಲ್ಲೇ ರಬ್ಬರ್ ಬಿರಿಯುತ್ತದೆ, ಬ್ರೇಕಿಗೆ ತುಕ್ಕು ಹಿಡಿಯುತ್ತದೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ದೂರ ನಿಂತು ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬಂದರೆ ಅದು ಆಯಿಲ್ ಕುಡಿಯುತ್ತಿದೆ. ಪೆಡಲಿನ ರಬ್ಬರ್ ಪೂರಾ ಸವೆದಿದ್ದು, ಮೀಟರ್ ಮಾತ್ರ ಕಡಿಮೆ ತೋರಿಸಿದರೆ ನಾನಂತೂ ಪೆಡಲನ್ನೇ ನಂಬುತ್ತೇನೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣವಾಗಿದೆಯೇ? ಓದಿ ಹೇಳುವ ಕೆಲಸ, ಕನ್ನಡಕ ಮರೆತು ಬಂದ ಅಜ್ಜನ ಮೊಮ್ಮಕ್ಕಳದು.