ಹಿರಿಯರಿಗೆ ಲಕ್ವ ಬಡಿದಾಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ನಾವು ಸಂಚರಿಸುವಾಗ ಪದೇ ಪದೇ ಕಿವಿಗೆ ಬೀಳುವ ಮಾತೊಂದುಂಟು: “ಅಜ್ಜನಿಗೆ ವಯಸ್ಸಾಗಿತ್ತು, ಲಕ್ವ ಹೊಡೆಯಿತು, ಇನ್ನೇನು ಮಾಡುವುದು ಬುದ್ಧೀ?” ಈ ಮಾತಿನಲ್ಲಿ ದುಃಖವಿದೆ, ಆದರೆ ಸತ್ಯವು ಅರ್ಧ ಮಾತ್ರವಿದೆ. ವಯಸ್ಸು ಏರಿದಂತೆ ಪಾರ್ಶ್ವವಾಯುವಿನ ಸಂಭವ ಹೆಚ್ಚುವುದು ದಿಟ. ವಯಸ್ಸಾದವರಿಗೆ ಚಿಕಿತ್ಸೆಯೇ ಫಲಿಸದು ಎಂಬುದು ದಿಟವಲ್ಲ.

ಸೋಲುವುದು ಕೈಕಾಲುಗಳಾದರೂ ರೋಗದ ನೆಲೆ ಮಿದುಳು. ಅಲ್ಲಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಳ್ಳುವುದು ಒಂದು ಬಗೆ. ಒಡೆದು ರಕ್ತ ಸೋರುವುದು ಇನ್ನೊಂದು ಬಗೆ. ಹೊರನೋಟಕ್ಕೆ ಎರಡೂ ಒಂದೇ. ಆದರೆ ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ವಿಷ. ಆದುದರಿಂದಲೇ ವೈದ್ಯರು ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು 3 ಗಂಟೆಗಳೊಳಗೆ ಉಪಕಾರಿಯೆಂದು 1995ರಲ್ಲಿ ಅಮೆರಿಕದ ಅಧ್ಯಯನವೂ, ನಾಲ್ಕೂವರೆ ಗಂಟೆಗಳವರೆಗೂ ಉಪಕಾರಿಯೆಂದು 2008ರಲ್ಲಿ ಯೂರೋಪಿನ ಅಧ್ಯಯನವೂ ತೋರಿಸಿದವು. 2012ರಲ್ಲಿ ಪ್ರಕಟವಾದ, 12 ದೇಶಗಳ 3,035 ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 80 ವರ್ಷ ದಾಟಿದವರೇ ಆಗಿದ್ದರು. ಬೇಗ ಬಂದ ಅಂಥ ವೃದ್ಧರಿಗೂ ಪ್ರಯೋಜನ ಕಂಡಿತು. ಈ ಮದ್ದು ಎಲ್ಲರಿಗೂ ಒಗ್ಗುವುದಿಲ್ಲ. ಆ ನಿರ್ಣಯ ವೈದ್ಯರದು. ವೇಳೆಯೊಳಗೆ ತಲುಪಿಸುವುದು ಮಾತ್ರ ಮನೆಯವರದು.

ನಮ್ಮ ಸೀಮೆಯ ಲೆಕ್ಕವನ್ನೇ ನೋಡೋಣ. ತುಮಕೂರು ಕೊರಟಗೆರೆಗೆ ಸುಮಾರು 25, ಮಧುಗಿರಿಗೆ 40ಕ್ಕೂ ಮಿಕ್ಕು, ಶಿರಾಕ್ಕೆ ಸುಮಾರು 50, ಪಾವಗಡಕ್ಕೆ ಸುಮಾರು 100 ಕಿಲೋಮೀಟರು. ಪಾವಗಡದ ದಾರಿಯೂ ನಾಲ್ಕೂವರೆ ಗಂಟೆ ಹಿಡಿಯುವುದಿಲ್ಲ. ವೇಳೆ ಕಳೆಯುವುದು ಮನೆಯೊಳಗೆ. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಸವರುವುದು, ಬೆಂಗಳೂರಿನಿಂದ ಮಗ ಬಂದು ನಿರ್ಧರಿಸಲೆಂದು ಕಾಯುವುದು, ಹೀಗೆ ಹೊತ್ತು ಏರಿಬಿಡುತ್ತದೆ.

ಪೂಜೆಗೆ ಕುಳಿತ ಹಿರಿಯರ ಎಡಗೈ ಇಷ್ಟಲಿಂಗವನ್ನು ಹಿಡಿದಿರಲಾರದೆ ತಾನಾಗಿ ಇಳಿಯಬಹುದು. ವಿಭೂತಿಯ ಬೆರಳು ಹಣೆಯನ್ನು ತಪ್ಪಬಹುದು. ನಿತ್ಯ ಹೇಳುವ ವಚನ ತೊದಲಬಹುದು. ಬಾಯಿ ಒಂದು ಕಡೆಗೆ ಸೊಟ್ಟಗಾಗಬಹುದು. ಇಂಥದು ಥಟ್ಟನೆ ಕಂಡರೆ ಉಪವಾಸದ ನಿಶ್ಶಕ್ತಿಯೆಂದು ಮಲಗಿಸಬಾರದು. ಕೆಲವು ನಿಮಿಷಗಳಲ್ಲಿ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ಮುಂದೆ ಬರುವ ಪೆಟ್ಟಿನ ಮುನ್ಸೂಚನೆಯಾಗಿರಬಹುದು.

ಆಗ ಮೊದಲು ಗಡಿಯಾರ ನೋಡಬೇಕು. ಹಿರಿಯರು ಕೊನೆಯದಾಗಿ ಎಂದಿನಂತೆ ಇದ್ದುದು ಎಷ್ಟು ಹೊತ್ತಿಗೆ ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸಿಗೆ ಕೂಡಲೇ ಕರೆಮಾಡಬೇಕು. ನಿತ್ಯ ಸೇವಿಸುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಬೇಕು. ಬಾಯಿಗೆ ಏನನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಭಕ್ತಿಯಿಂದ ಕೊಡುವ ಪಾದೋದಕಕ್ಕೂ ಈ ಮಾತು ಸಲ್ಲುತ್ತದೆ. ಅದನ್ನು ಗುಣವಾದ ಬಳಿಕ ಸ್ವೀಕರಿಸಲಿ. ರಕ್ತದೊತ್ತಡದ ಮಾತ್ರೆಯನ್ನಾಗಲಿ ಆಸ್ಪಿರಿನ್ನನ್ನಾಗಲಿ ನಾವೇ ನುಂಗಿಸುವಂತಿಲ್ಲ. ವೇಳೆ ಮೀರಿತೆಂದು ಮನೆಯಲ್ಲೇ ಉಳಿಸಿಕೊಳ್ಳುವುದೂ ತಪ್ಪು. ಆಮೇಲೂ ಆಸ್ಪತ್ರೆಯ ಆರೈಕೆಯಿಂದ ಪ್ರಾಣ ಉಳಿದೀತು, ನಡಿಗೆ ಮರಳೀತು.

ಸ್ಕ್ಯಾನ್ ಹಾಗೂ ಈ ಚುಚ್ಚುಮದ್ದು ಎರಡೂ ಹಗಲಿರುಳು ದೊರೆಯುವ ಸಮೀಪದ ಆಸ್ಪತ್ರೆ ಯಾವುದೆಂದು ಪ್ರತಿ ಮನೆಯವರೂ ಈ ತಿಂಗಳೇ ವಿಚಾರಿಸಿ, ಗೋಡೆಯ ಪಂಚಾಂಗದ ಮೇಲೆ ಬರೆದಿಡಲಿ. ಪಾವಗಡದವರಿಗೆ ತುಮಕೂರಿಗಿಂತ ಆಂಧ್ರದ ಹಿಂದೂಪುರ ಹತ್ತಿರ; ಅಲ್ಲಿಯೂ ವಿಚಾರಿಸಬಹುದು. ಬಿ.ಪಿ. ಇಳಿಯಿತೆಂದು ಹಿರಿಯರು ಮಾತ್ರೆ ಬಿಟ್ಟಿದ್ದರೆ ವಿನಯದಿಂದ ತಿಳಿಹೇಳಿ. ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನು ಬಿಡಿಸಿ. ನಮ್ಮನ್ನು ಹೊತ್ತು ಸಾಕಿದವರಿಗೆ “ವಯಸ್ಸಾಯಿತು” ಎಂಬ ಒಂದೇ ಮಾತಿನಿಂದ ಬಾಗಿಲು ಮುಚ್ಚುವುದು ನಮಗೆ ಶೋಭಿಸದು.