ಯಂತ್ರದ ಸುದ್ದಿಯೂ ಪತ್ರಿಕಾಧರ್ಮವೂ

ಹುನಗುಂದ ತಾಲೂಕಿನ ರಾಮಥಾಳ ಹನಿ ನೀರಾವರಿ ಯೋಜನೆಯನ್ನು 2010ರ ದಶಕದಲ್ಲಿ ಪತ್ರಿಕೆಗಳು 'ಏಷ್ಯದಲ್ಲೇ ಅತಿ ದೊಡ್ಡದು' ಎಂದು ಕೊಂಡಾಡಿದವು. ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ ಸುಮಾರು 24,000 ಹೆಕ್ಟೇರಿಗೆ ಕೊಳವೆಯಲ್ಲಿ ಹರಿಸುವ ಏರ್ಪಾಡು ಅದು. ಕೆಲಸ ದೊಡ್ಡದೇ, ಸಂದೇಹವಿಲ್ಲ.

ಆದರೆ ಯಂತ್ರ ಮಾರುವವರ ಪ್ರಕಟಣೆಯನ್ನು ಅಕ್ಷರ ಬಿಡದೆ ಅಚ್ಚು ಹಾಕಿದರೆ ಅದು ವರದಿಯಾಗದು. ಕಟ್ಟಕಡೆಯ ಹೊಲಕ್ಕೆ ಎಷ್ಟು ದಿನ ನೀರು ಬಂತು? ಒಡೆದ ಕೊಳವೆ ದುರಸ್ತಿ ಮಾಡುವವರಾರು? ತನ್ನ ಬಾವಿಯ ಪಂಪು ಕೆಟ್ಟರೆ ರೈತ ತಾನೇ ರಿಪೇರಿ ಮಾಡಿಸಿಯಾನು. ಊರೂರಿಗೂ ಒಂದೇ ಪಂಪಾದರೆ, ಅದು ನಿಂತ ದಿನ ಯಾರ ಬಾಗಿಲು ಬಡಿಯಬೇಕು? ಇದನ್ನು ಕೇಳುವವನೇ ವರದಿಗಾರ.

ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮ. ಮುರಿದವರಿಗೆ ದಂಡ ಹಾಕುವ ಅಧಿಕಾರ ಮಂಡಳಿಗಿಲ್ಲ. ಕಾಸಿಗಾಗಿ ಸುದ್ದಿ ಕುರಿತು ತನ್ನದೇ ಉಪಸಮಿತಿ 2010ರಲ್ಲಿ ಕೊಟ್ಟ ಪೂರ್ಣ ವರದಿಯನ್ನು ಅದು ಹೊರಗೆಡಹಿದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗ ಆಜ್ಞಾಪಿಸಿದ ಮೇಲೆ.

ನಮ್ಮದು ಪಕ್ಷದ ಪತ್ರಿಕೆ, ಅದನ್ನು ಬಚ್ಚಿಟ್ಟಿಲ್ಲ. 'ನಿಷ್ಪಕ್ಷಪಾತಿ' ಎಂದು ಹೇಳಿಕೊಂಡು ಬಂಡವಲಿಗನ ತುತ್ತೂರಿ ಊದುವುದೇ ಓದುಗರಿಗೆ ಬಗೆಯುವ ದ್ರೋಹ. ನಾವು ಯಂತ್ರದ ವೈರಿಗಳಲ್ಲ. ಇಳಕಲ್ಲಿನ ನೇಕಾರನಿಗೆ ವಿದ್ಯುತ್ ಮಗ್ಗವಿರಲಿ, ಬಾದಾಮಿಯ ರೈತನಿಗೆ ಹೊಸ ಫೋನಿರಲಿ, ಅದರ ಗುಣದೋಷ ಬರೆಯುವವನು ಪ್ರವಾಸದ ಖರ್ಚು ಕೊಟ್ಟವರಾರು, ಜಾಹೀರಾತು ಯಾರದು ಎಂಬುದನ್ನು ಅದೇ ಪುಟದಲ್ಲಿ ತಿಳಿಸಲಿ. ಸಾಲ ಮಾಡಿ ಯಂತ್ರ ಕೊಳ್ಳುವವನು ದುಡಿಯುವವನು; ಅವನಿಗೆ ಸತ್ಯ ತಿಳಿಯುವ ಹಕ್ಕಿದೆ.