ಕಪ್ಪು ಮೆಹಂದಿಯ ಸಣ್ಣ ಅಕ್ಷರಗಳು

ಸಿರುಗುಪ್ಪದಿಂದ ಬಳ್ಳಾರಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದ ತಾಯಿಯೊಬ್ಬರ ಕಣ್ಣುಗಳು ಬಾತು ಮುಚ್ಚಿಹೋಗಿದ್ದವು, ಹಣೆಯಂಚಿನಲ್ಲಿ ನೀರುಗುಳ್ಳೆಗಳು. ಮಗನ ಮದುವೆಗೆಂದು ತಲೆಗೆ ‘ಕಪ್ಪು ಮೆಹಂದಿ’ ಹಚ್ಚಿಕೊಂಡಿದ್ದರು. “ಅದು ಆಯುರ್ವೇದದ್ದೇ ಅಲ್ಲವೇನ್ರೀ ಡಾಕ್ಟ್ರೇ?” ಎಂದಾಗ ವೈದ್ಯನಾದ ನಾನೇ ನಾಚಿದೆ. ಪೊಟ್ಟಣದ ಮುಂದೆ ಹಸಿರೆಲೆಯ ಚಿತ್ರ. ಹಿಂದೆ, ಸಣ್ಣ ಅಕ್ಷರಗಳಲ್ಲಿ, ಪ್ಯಾರಾಫಿನೈಲೀನ್‌ಡೈಅಮೀನ್.

ಗೋರಂಟಿ ಎಲೆಯ ಬಣ್ಣ ಕೆಂಪು. ಅದು ತಾನಾಗಿ ಎಂದೂ ಕಪ್ಪಾಗದು. ನಿಮಿಷಗಳಲ್ಲಿ ಕಪ್ಪೇರಿಸುವ ಪುಡಿ, ಕೋನುಗಳಲ್ಲಿ ಬಹುಮಟ್ಟಿಗೆ ಇರುವುದು ಈ ರಾಸಾಯನಿಕವೇ. ಐರೋಪ್ಯ ಒಕ್ಕೂಟದಲ್ಲಿ ಕೂದಲಿಗೆ ಇದರ ಮಿತಿ ಶೇ. 2; ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಒಮ್ಮೆ ಒಗ್ಗದೆಂದು ಅರಿತ ದೇಹ ಅದನ್ನು ಸಾಮಾನ್ಯವಾಗಿ ಜೀವನಪರ್ಯಂತ ಮರೆಯದು. ಕುರುಗೋಡು ಜಾತ್ರೆಗೆ ಮಕ್ಕಳನ್ನು ಕರೆದೊಯ್ಯುವವರು ಅವರ ಅಂಗೈಗೆ ಕಪ್ಪು ಚಿತ್ತಾರ ಬರೆಸದಿರಲಿ.

ಬಿಳಿಗೂದಲು ರೋಗವಲ್ಲ. ಬಣ್ಣ ಬೇಕೇಬೇಕೆಂದರೆ ಹಿತ್ತಲಿನ ಗೋರಂಟಿ ಸೊಪ್ಪನ್ನು ಅರೆದು ಹಚ್ಚಿ, ತೊಳೆದು, ಬಳಿಕ ಬೇರೇನೂ ಬೆರೆಸದ ನೀಲಿ ಎಲೆಯ ಪುಡಿಯನ್ನು ಕಲಸಿ ಹಚ್ಚಬಹುದು. ಅರ್ಧ ದಿನವೇ ಬೇಕು, ನಿಜ. ಸೊಪ್ಪೂ ಕೆಲವರಿಗೆ ಒಗ್ಗದು. ಮೊದಲು ಮೊಳಕೈಯ ಒಳಬದಿಗೆ ಸವರಿ ಎರಡು ದಿನ ನೋಡಿರಿ. ಬಣ್ಣ ಹಚ್ಚಿದ ಮೇಲೆ ಮುಖ ಬಾತು ಉಸಿರು ಕಟ್ಟಿದರೆ ನಮ್ಮ ಕಷಾಯಕ್ಕೆ ಕಾಯಬೇಡಿರಿ, ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿರಿ.